ಬೊರೊ ಕೊಳ್ಳುವುದೋ, ಸಾಕಿಯೊರಿ ಕೊಳ್ಳುವುದೋ? ಹಳೆಯ ಜಪಾನಿ ತೇಪೆ ಉಡುಪುಗಳನ್ನು ಆರಿಸುವ ಬಗೆ

ಜಪಾನಿನ ಹಳೆ ಬಟ್ಟೆ ಮಾರುವ ಅಂಗಡಿಯಲ್ಲಾಗಲಿ ಆನ್‌ಲೈನ್ ಹರಾಜಿನಲ್ಲಾಗಲಿ, ನೀಲಿ ಬಣ್ಣದ್ದು, ತೇಪೆ ಹಾಕಿದ್ದು ಏನೇ ಕಂಡರೂ ಅದರ ಮೇಲೆ ‘ಬೊರೊ’ ಎಂಬ ಚೀಟಿ ಇರುತ್ತದೆ. ಆ ಹೆಸರಿಟ್ಟರೆ ಬೆಲೆ ಏರುತ್ತದೆ, ಅಷ್ಟೇ ಕಾರಣ. ಆ ಒಂದು ಚೀಟಿಯ ಕೆಳಗೆ ಕಡಿಮೆಯೆಂದರೂ ನಾಲ್ಕು ಜಾತಿಯ ಬಟ್ಟೆಗಳಿವೆ. ತೂತು ಬಿದ್ದಲ್ಲೆಲ್ಲ ತೇಪೆ ಹಾಕುತ್ತ ತಲೆಮಾರು ದಾಟಿಸಿದ ಹೊಲದ ಅಂಗಿ ಒಂದು. ಚಿಂದಿಯನ್ನೇ ಹೊಕ್ಕಾಗಿಸಿ ಮಗ್ಗದಲ್ಲಿ ನೇಯ್ದ ಸಾಕಿಯೊರಿ ಇನ್ನೊಂದು. ಹೆಂಪ್ ಬಟ್ಟೆಯ ಎಳೆಗಳ ಸಂದಿಯಲ್ಲಿ ಹತ್ತಿ ದಾರ ತುಂಬಿದ ಸಾಶಿಕೊ ಮೂರನೆಯದು. ನಾಲ್ಕನೆಯದು ಬೇಕೆಂದೇ ತುಂಡು ಜೋಡಿಸಿ ಹೊಲಿದ ರೇಷ್ಮೆಯ ಯೊಸೆಗಿರೆ. ಇವುಗಳಲ್ಲಿ ಒಂದಕ್ಕೆ ಒಗ್ಗುವ ಆರೈಕೆ ಇನ್ನೊಂದನ್ನು ಹಾಳುಮಾಡುತ್ತದೆ. ಒಂದರಲ್ಲಿ ನಕಲು ಹೆಜ್ಜೆಹೆಜ್ಜೆಗೂ ಸಿಗುತ್ತದೆ, ಇನ್ನೊಂದರಲ್ಲಿ ನಕಲು ಮಾಡಿದರೆ ಗಿಟ್ಟುವುದೇ ಇಲ್ಲ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ತೊಟ್ಟು ಓಡಾಡಲು ಬೇಕಿದ್ದರೆ ಸಾಕಿಯೊರಿಯ ತೋಳಿಲ್ಲದ ಅಂಗಿ ತೆಗೆದುಕೊಳ್ಳಿ, ಇಲ್ಲವೇ ತೇಪೆ ಕಡಿಮೆಯಿರುವ ನೊರಾಗಿ, ಅಂದರೆ ಹೊಲದ ಅಂಗಿ. ಗೋಡೆಗೆ ಬೇಕಿದ್ದರೆ ಉಡುಪೇ ಬೇಡ, ಬೊರೊ ಹಾಸಿಗೆಯ ಹೊದಿಕೆ ಸಾಕು. ಹೊಲಿಗೆ ಕಲಿಯುವವರಿಗೆ ಸಾಶಿಕೊದ ಒಂದು ಬಗೆಯಾದ ಕೊಗಿನ್‌ನ ಒಂದು ತುಂಡು ಪೂರ್ತಿ ಅಂಗಿಗಿಂತ ಹೆಚ್ಚು ಕಲಿಸುತ್ತದೆ. ರೇಷ್ಮೆಯದು ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೆರಡು ಸಲ ಬಿಚ್ಚಿ ನೋಡುವವರಿಗೆ ಮಾತ್ರ. ಕೊಂಡು, ಕತ್ತರಿಸಿ, ಬ್ಯಾಗು ಹೊಲಿಸುವ ಯೋಚನೆ ಇದ್ದವರು ಈ ನಾಲ್ಕನ್ನೂ ಬಿಟ್ಟು ಬಿಡಿ ತುಂಡುಗಳ ಕಟ್ಟು ಕೊಳ್ಳುವುದು ಒಳ್ಳೆಯದು; ಅದು ಅಗ್ಗ, ಪಾಪವೂ ಕಡಿಮೆ.

ಬೊರೊ: ತೇಪೆ ಎಲ್ಲಿದೆ ಎಂದು ನೋಡಿ

‘ಬೊರೊಬೊರೊ’ ಎಂದರೆ ನಾವು ‘ಚಿಂದಿ ಚಿಂದಿ’ ಎನ್ನುತ್ತೇವಲ್ಲ, ಅದೇ. ಅದು ಹೊಗಳಿಕೆಯ ಮಾತಾಗಿರಲಿಲ್ಲ. ಹೊನ್ಶು ದ್ವೀಪದ ಉತ್ತರ ತುದಿಯ ಅವೊಮೊರಿ ಸೀಮೆಯಲ್ಲಿ ಚಳಿಗೆ ಹತ್ತಿ ಬೆಳೆಯುವುದಿಲ್ಲ. ರೈತರು ಉಟ್ಟದ್ದು ಹೆಂಪ್ ಮತ್ತು ರೇಮಿ ನಾರಿನ ಬಟ್ಟೆ. ಎರಡಕ್ಕೂ ಸೇರಿ ‘ಅಸಾ’ ಎಂಬ ಹೆಸರು. ಸಾಲದ್ದಕ್ಕೆ 1724ರಲ್ಲಿ ಅಲ್ಲಿನ ತ್ಸುಗರು ಸಂಸ್ಥಾನ ದುಂದು ತಡೆಯುವ ಹೆಸರಿನಲ್ಲಿ ರೈತರು ಹತ್ತಿ ಉಡುವುದನ್ನೇ ನಿರ್ಬಂಧಿಸಿತು. ಒಸಾಕಾ ಕಡೆಯ ಹಳೆಯ ಹತ್ತಿ ಬಟ್ಟೆ ಕಿತಮಾಎ ಎಂಬ ವ್ಯಾಪಾರಿ ಹಡಗುಗಳಲ್ಲಿ ಜಪಾನ್ ಸಮುದ್ರದ ಕರಾವಳಿ ಹಿಡಿದು ಉತ್ತರಕ್ಕೆ ಬರುತ್ತಿತ್ತು. ಬೇರೆಯವರು ಉಟ್ಟು ಬಿಟ್ಟ ಆ ಚಿಂದಿಯೇ ಇಲ್ಲಿ ಬೆಚ್ಚಗಿನ ಒಳಪದರ. ಹಾಗಾಗಿ ಉತ್ತರದ ಒಳ್ಳೆಯ ಬೊರೊದಲ್ಲಿ ಒರಟು ಹೆಂಪ್ ಮತ್ತು ಮೆತ್ತನೆಯ ಹತ್ತಿ ಎರಡೂ ಕೈಗೆ ಸಿಗುತ್ತವೆ. ದಕ್ಷಿಣದ ಕಡೆಯದರಲ್ಲಿ ಬರೀ ಹತ್ತಿ.

ಕುಟುಂಬಗಳು ನಾಚಿಕೊಂಡು ಸುಟ್ಟು ಹಾಕುತ್ತಿದ್ದ ಈ ಬಟ್ಟೆಗಳನ್ನು ಅವೊಮೊರಿಯ ಹಳ್ಳಿಗಳಲ್ಲಿ ಅಲೆದು ಕೂಡಿಹಾಕಿದವರು ಜಾನಪದ ಸಂಶೋಧಕ ತನಾಕಾ ಚುಜಬುರೊ (1933–2013). ಅವರು ಸಂಗ್ರಹಿಸಿದ ತ್ಸುಗರು ಮತ್ತು ನಂಬು ಪ್ರದೇಶಗಳ 786 ಸಾಶಿಕೊ ಉಡುಪುಗಳು 1983ರಲ್ಲಿ ಜಪಾನಿನ ಮಹತ್ವದ ಜಾನಪದ ಸಾಂಸ್ಕೃತಿಕ ಆಸ್ತಿಯ ಪಟ್ಟಿ ಸೇರಿದವು. ಅವರ ಬೊರೊಗಳನ್ನು ಟೋಕಿಯೊದ ಅಸಾಕುಸಾದಲ್ಲಿ ಅಮ್ಯೂಸ್ ಮ್ಯೂಸಿಯಂ 2009ರಿಂದ 2019ರವರೆಗೆ ಪ್ರದರ್ಶಿಸಿತು. ‘ಬೊರೊ’ ಎಂಬ ಪದಕ್ಕೆ ಹೊರದೇಶಗಳಲ್ಲಿ ಬೆಲೆ ಬಂದದ್ದಕ್ಕೆ ಅಲ್ಲಿಗೆ ಹೋಗಿ ಬಂದವರ ಪಾಲೂ ಇದೆ.

ಮಾರುಕಟ್ಟೆಯಲ್ಲಿ ಕೈಗೆ ಸಿಗುವ ಬೊರೊ ಬಹುಮಟ್ಟಿಗೆ ಮೇಜಿ ಕಾಲದ ಕೊನೆಯಿಂದ (1912ರಲ್ಲಿ ಮುಗಿಯಿತು) ಶೋವಾದ (1926ರಲ್ಲಿ ಶುರುವಾಯಿತು) ಮೊದಲ ಎರಡು ದಶಕಗಳವರೆಗಿನದು. ‘ಎಡೊ ಕಾಲದ್ದು’, ಅಂದರೆ 1868ಕ್ಕೂ ಹಿಂದಿನದು, ಎಂದವರ ಮಾತನ್ನು ಬಟ್ಟೆಯ ಎಳೆಯನ್ನೇ ಕೇಳಿ ಪರೀಕ್ಷಿಸಿ. ಕೈಯಲ್ಲಿ ನೂತ ಹತ್ತಿಯ ಎಳೆ ಒಂದು ಕಡೆ ದಪ್ಪ, ಒಂದು ಕಡೆ ತೆಳು. ಗಿರಣಿಯ ನೂಲು ಒಂದೇ ಸಮ. ಒಸಾಕಾದ ದೊಡ್ಡ ನೂಲಿನ ಗಿರಣಿ ಓಡಲು ಶುರುವಾದದ್ದು 1883ರಲ್ಲಿ. ಮೂಲ ಬಟ್ಟೆಯ ಹಾಸೂ ಹೊಕ್ಕೂ ಗಿರಣಿಯ ನೂಲಾಗಿದ್ದರೆ ಅದು ಎಡೊದ್ದಾಗಿರುವ ಸಂಭವ ತೀರ ಕಡಿಮೆ. ಆದರೆ ಎಳೆ ಏರುಪೇರಾಗಿದ್ದ ಮಾತ್ರಕ್ಕೆ ಹಳತು ಎನ್ನಲೂ ಬರುವುದಿಲ್ಲ. 1870ರ ದಶಕದ ‘ಗರಾಬೊ’ ಯಂತ್ರವೂ ಅಂಥದೇ ಒರಟು ನೂಲು ಕೊಡುತ್ತಿತ್ತು. ಹಳ್ಳಿಗಳಲ್ಲಿ ಕೈನೂಲು ಇಪ್ಪತ್ತನೇ ಶತಮಾನಕ್ಕೂ ನಡೆದು ಬಂತು.

ಈಗ ಒಂದು ನೊರಾಗಿಯ ಬಲ ಮೊಣಕೈಯನ್ನು ಹತ್ತಿರದಿಂದ ನೋಡೋಣ. ಮೇಲೆ ಅಂಗೈಯಗಲದ ಪಟ್ಟೆಪಟ್ಟೆ ಹತ್ತಿಯ ತೇಪೆ. ಅದರ ನಟ್ಟನಡುವೆ ಹೊಕ್ಕಿನ ಎಳೆ ಸವೆದು ಹೋಗಿ ಹಾಸಿನ ಎಳೆಗಳು ಮಾತ್ರ ಜಾಳಿಗೆಯಂತೆ ಉಳಿದಿವೆ. ಆ ಜಾಳಿಗೆಯ ಹಿಂದೆ ಇನ್ನೊಂದು ತೇಪೆ ಇಣುಕುತ್ತದೆ. ಕಸೂರಿ, ಅಂದರೆ ನಮ್ಮ ಇಕತ್‌ನಂತೆ ನೂಲನ್ನು ಕಟ್ಟಿ ಬಣ್ಣ ಹಾಕಿ ನೇಯ್ದದ್ದು. ಕೆಳಗಿನ ತೇಪೆಯನ್ನು ಹೊಲಿದ ದಾರ ದಪ್ಪ, ನೀಲಿ, ಮೊಂಡು. ಮೇಲಿನದು ಬಿಳಿಯ ಗಿರಣಿ ದಾರ, ಹೊಲಿಗೆ ಒಂದೊಂದೂ ಅಕ್ಕಿಕಾಳಿನಷ್ಟು. ಮೊಣಕೈ ಮಡಚುವ ಜಾಗದಲ್ಲಿ ಆ ಬಿಳಿ ದಾರವೂ ತೇದಿದೆ. ಅಂಚಿನಲ್ಲಿ ಅದೇ ದಾರ ಹೊಸದರಂತಿದೆ. ತೇಪೆಯ ಅಂಚು ಒಂದು ಕಡೆ ಬಿಟ್ಟುಕೊಂಡಿದೆ. ಬೆರಳಿನಿಂದ ಮೆಲ್ಲನೆ ಎತ್ತಿದರೆ ಕೆಳಗೆ ಬಿಸಿಲು ಕಾಣದ ಕಡುನೀಲಿ. ಅಂಗಿಯನ್ನು ತಿರುವಿ ಹಾಕಿದರೆ ಒಳಗೆ ಮತ್ತೂ ಎರಡು ತೇಪೆ. ಎಡ ಮೊಣಕೈಯಲ್ಲಿ ಇಷ್ಟಿಲ್ಲ, ಏಕೆಂದರೆ ಕುಡುಗೋಲು ಹಿಡಿದ ಕೈ ಬಲಗೈ.

ಅಸಲಿ ಬೊರೊ ಎಂದರೆ ಇದು. ತೇಪೆ ಮೈಯ ದುಡಿತದ ಗುರುತನ್ನು ಹಿಂಬಾಲಿಸುತ್ತದೆ: ಹೊರೆ ಹೊತ್ತ ಹೆಗಲು, ಮೊಣಕೈ, ಮಣಿಕಟ್ಟಿನ ಅಂಚು, ಕತ್ತುಪಟ್ಟಿ, ಕೂರುವ ಜಾಗ, ಷರಾಯಿಯಾದರೆ ಮೊಣಕಾಲು. ಎದೆಯ ಮೇಲೆ ಚೌಕಾಕಾರದ ಚೆಂದದ ತೇಪೆಗಳು ಸಾಲಾಗಿದ್ದು ಮೊಣಕೈ ಮಾತ್ರ ಸಪಾಟಾಗಿದ್ದರೆ ಅದು ಫೋಟೋಗಾಗಿ ಹೊಲಿದದ್ದು.

ಕೌದಿ ನೋಡಿ ಬೆಳೆದ ಕಣ್ಣಿಗೆ ಇಲ್ಲಿ ಒಂದು ತೊಡಕು ಉಂಟು. ಕೌದಿಯ ಅಂದ ಮೇಲ್ಮುಖದಲ್ಲಿರುತ್ತದೆ. ಹಳೆ ಸೀರೆಯ ಪದರಗಳ ಮೇಲೆ ತುಂಡುಗಳನ್ನು ಹೊಂದಿಸಿಟ್ಟು ಹೊಲಿಯುತ್ತಾರೆ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಹೆಂಗಸರು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅದು ಮೊದಲೇ ಯೋಚಿಸಿದ ವಿನ್ಯಾಸ. ಬೊರೊದಲ್ಲಿ ಯಾರೂ ಏನನ್ನೂ ಹೊಂದಿಸಲಿಲ್ಲ, ತೂತು ಬಿದ್ದಲ್ಲಿಗೆ ಸೂಜಿ ಹೋಯಿತು. ಆದ್ದರಿಂದ ಮೇಲ್ಮುಖವನ್ನು ಮೆಚ್ಚಿಕೊಂಡು ದುಡ್ಡು ಕೊಡಬೇಡಿ; ಒಳಮೈ ಫೋಟೋ ಕಳಿಸಲು ಒಪ್ಪದ ಮಾರಾಟಗಾರನನ್ನು ಅಲ್ಲಿಗೇ ಬಿಡಿ.

ಅಂಗಿಯಲ್ಲದ ಬೊರೊಗಳೂ ಇವೆ. ಹಾಸಿಗೆ ಹೊದಿಕೆಗಳು ನಾಲ್ಕೈದು ಪಟ್ಟಿ ಬಟ್ಟೆ ಜೋಡಿಸಿದ ದೊಡ್ಡ ಹರವು. ಸೊಂಟ-ತೋಳುಗಳ ಕಟ್ಟುಪಾಡಿಲ್ಲ, ತೂಗುಹಾಕಲು ಇವೇ ಸರಿ. ‘ದೊಂಜ’ ಎಂಬುದು ಕಿಮೊನೊ ಆಕಾರದ ಹೊದಿಕೆ. ಪದರದ ಮೇಲೆ ಪದರ ಸೇರಿ 10 ಕೆ.ಜಿ. ದಾಟುವಂಥವೂ ಇದ್ದವು. ಅದನ್ನು ಮನೆಯಲ್ಲಿಡುವ ಆಸೆಯನ್ನು ಬಿಡಿ. ದೇವಸ್ಥಾನಕ್ಕೆ ಅಕ್ಕಿ ಒಯ್ಯುತ್ತಿದ್ದ ‘ಕೊಮೆಬುಕುರೊ’ ಚೀಲಗಳು ಚಿಕ್ಕವು, ಚೌಕ ತುಂಡುಗಳದ್ದು. ಮೊದಲ ಸಲ ಕೊಳ್ಳುವವರಿಗೆ ಕೈ ಕಚ್ಚದ ಆರಂಭ ಅದು.

ಸಾಕಿಯೊರಿ: ತೊಡುವವರಿಗೆ

‘ಸಾಕು’ ಎಂದರೆ ಸೀಳುವುದು, ‘ಒರಿ’ ನೇಯ್ಗೆ. ತೇಪೆಗೂ ಒದಗದಷ್ಟು ಹಳತಾದ ಹತ್ತಿ ಬಟ್ಟೆಯನ್ನು ಹೆಚ್ಚುಕಡಿಮೆ 1 ಸೆಂ.ಮೀ. ಅಗಲದ ಪಟ್ಟಿಗಳಾಗಿ ಸೀಳಿ ಅದನ್ನು ಹೊಕ್ಕಾಗಿ ಹೊಡೆಯುತ್ತಾರೆ. ಹಾಸು ಹೆಂಪ್, ಆಮೇಲಾಮೇಲೆ ಹತ್ತಿ. ಸಾಡೊ ದ್ವೀಪ, ಅವೊಮೊರಿಯ ನಂಬು ಕಡೆ, ಕ್ಯೋಟೊದ ಉತ್ತರದ ತಂಗೊ, ಶಿಕೊಕುವಿನ ಸಾದಾಮಿಸಾಕಿ ಇದಕ್ಕೆ ಹೆಸರಾದ ಜಾಗಗಳು. ಮೀನುಗಾರರಿಗೂ ಹೊರೆ ಹೊರುವವರಿಗೂ ಇದು ಗಾಳಿ ತಡೆಯುವ ಕವಚ.

ಸಾಕಿಯೊರಿಯ ಒಳ್ಳೆಯ ಗುಣ ಎಂದರೆ ನಕಲಿ ಕಾಲ ಸೃಷ್ಟಿಸುವುದು ಇಲ್ಲಿ ಲಾಭದ ಕೆಲಸವಲ್ಲ. ನೇಯಲು ಹಿಡಿಯುವ ಹೊತ್ತು ಬೆಲೆಯನ್ನು ಮೀರುತ್ತದೆ. ಆದರೆ ಹೊಸದಾಗಿ ನೇಯ್ದ ಸಾಕಿಯೊರಿ ಈಗಲೂ ತಯಾರಾಗುತ್ತದೆ, ಅದನ್ನು ಹಳೆಯದೆಂದು ಮಾರುವವರು ಇರಬಹುದು. ಪಟ್ಟಿಗಳ ಮಡಿಕೆಯೊಳಗೆ ಸೂಜಿಯ ಹಿಂಭಾಗದಿಂದ ಸ್ವಲ್ಪ ಬಿಡಿಸಿ ನೋಡಿ. ಒಳಗಿನ ಬಟ್ಟೆ ಪಾಲಿಯೆಸ್ಟರ್ ಮಿನುಗಿನದೋ, ಎದ್ದುಕಾಣುವ ಹೊಸ ಅಚ್ಚಿನದೋ ಆಗಿದ್ದರೆ ಗೊತ್ತಾಗಿಬಿಡುತ್ತದೆ.

ಇದರ ದೌರ್ಬಲ್ಯ ಹಾಸಿನಲ್ಲಿ. ಹೊಕ್ಕು ದಪ್ಪ, ಹಾಸು ತೆಳು. ಭಾರವನ್ನೆಲ್ಲ ಹೊರುವುದು ಆ ತೆಳು ಎಳೆಗಳೇ. ಹೆಗಲ ಮಡಿಕೆ, ಕತ್ತಿನ ಸುತ್ತು, ಪಕ್ಕದ ಸೀಳಿನ ತುದಿ ಇಲ್ಲೆಲ್ಲ ಬೆಳಕಿಗೆ ಹಿಡಿದು ನೋಡಿ. ಒಂದೆರಡು ಹಾಸಿನ ಎಳೆ ಕಡಿದಿದ್ದರೆ ಅಲ್ಲಿ ಹೊಕ್ಕಿನ ಪಟ್ಟಿ ಕುಣಿಕೆಯಂತೆ ಹೊರಗೆ ಜೋತಾಡುತ್ತದೆ. ಹತ್ತು ಎಳೆಯವರೆಗಾದರೆ ಅದೇ ದಪ್ಪದ ಹತ್ತಿ ದಾರವನ್ನು ಸೂಜಿಯಲ್ಲಿ ಹೊಸ ಹಾಸಿನಂತೆ ಮೇಲೆ-ಕೆಳಗೆ ಹಾಯಿಸಿ, ಆಚೀಚೆ 2–3 ಸೆಂ.ಮೀ. ಗಟ್ಟಿ ಜಾಗಕ್ಕೆ ಸೇರಿಸಿ ರಿಪೇರಿ ಮಾಡಬಹುದು. ಹೆಗಲ ಮಡಿಕೆಯುದ್ದಕ್ಕೂ ಕಡಿದಿದ್ದರೆ ಕೊಳ್ಳಬೇಡಿ, ಮೇಲೆ ತೇಪೆ ಹಾಕಿದರೂ ಅಂಗಿಯ ತೂಕವೇ ಅದನ್ನು ಹರಿಯುತ್ತದೆ.

ಭಾರವನ್ನೂ ಎಣಿಸಿ. ಬೆಂಗಳೂರಿನ ಡಿಸೆಂಬರ್ ಸಂಜೆಗೆ ಇದು ಹೇಳಿ ಮಾಡಿಸಿದ್ದು, ಮಂಗಳೂರಿನಲ್ಲಿ ಯಾವ ತಿಂಗಳಿಗೂ ಅಲ್ಲ. ಇಂಗ್ಲೆಂಡ್, ಕೆನಡಾದಲ್ಲಿರುವ ಕನ್ನಡಿಗರು ಸಂಕೋಚವಿಲ್ಲದೆ ಉದ್ದ ತೋಳಿನದನ್ನೇ ಕೊಳ್ಳಬಹುದು.

ಕೊಗಿನ್, ಹಿಶಿಜಾಶಿ: ಇವು ತೇಪೆಯಲ್ಲ

ಹತ್ತಿ ಬಟ್ಟೆ ಉಡಬಾರದು ಎಂದಾಗ ತ್ಸುಗರುವಿನ ಹೆಂಗಸರು ಹೆಂಪ್ ಬಟ್ಟೆಯ ಸಂದಿಗಳನ್ನು ಹತ್ತಿಯ ದಾರದಿಂದಲೇ ಮುಚ್ಚಿದರು. ಕಡುನೀಲಿ ಹೆಂಪ್ ಮೇಲೆ ಬಿಳಿ ದಾರ. ಒಂದು, ಮೂರು, ಐದು, ಹೀಗೆ ಬೆಸ ಸಂಖ್ಯೆಯ ಎಳೆ ಎಣಿಸಿ ಸೂಜಿ ಹಾಯಿಸಿದರೆ ಕೊಗಿನ್. ಪಕ್ಕದ ನಂಬು ಸೀಮೆಯಲ್ಲಿ ತಿಳಿನೀಲಿ ಬಟ್ಟೆಯ ಮೇಲೆ ಎರಡು, ನಾಲ್ಕು ಎಂದು ಸಮ ಸಂಖ್ಯೆ ಎಣಿಸಿದರೆ ಹಿಶಿಜಾಶಿ. ಸಂಖ್ಯೆಯ ಈ ವ್ಯತ್ಯಾಸದಿಂದ ಕೊಗಿನ್‌ನ ವಜ್ರಾಕೃತಿ ಉದ್ದಕ್ಕೆ ನಿಲ್ಲುತ್ತದೆ, ಹಿಶಿಜಾಶಿಯದು ಅಡ್ಡಕ್ಕೆ ಮಲಗುತ್ತದೆ. ಭೂತಗನ್ನಡಿ ಹಿಡಿದು ಹತ್ತು ಕಡೆ ಎಣಿಸಿ ನೋಡಿದರೆ ಯಾರ ಮಾತೂ ಬೇಡ.

1891ರಲ್ಲಿ ರೈಲು ಅವೊಮೊರಿ ಮುಟ್ಟಿ ಹತ್ತಿ ಅಗ್ಗವಾದ ಮೇಲೆ ಈ ಹೊಲಿಗೆ ಬೇಗನೆ ಮರೆಯಾಯಿತು. ಹಾಗಾಗಿ ಹಳೆಯ ಕೊಗಿನ್‌ನ ಪೂರ್ತಿ ಅಂಗಿ ವಿರಳ, ಬೆಲೆ ಬೊರೊವನ್ನೂ ಮೀರುತ್ತದೆ. ಅದರಲ್ಲೂ ಮೂರು ಅಡ್ಡಪಟ್ಟೆಯ ಮಿಶಿಮಾ ಕೊಗಿನ್. ನೋಡಿ ಕಣ್ಣು ತಿದ್ದಿಕೊಳ್ಳಬೇಕೆಂದರೆ ಟೋಕಿಯೊದ ಕೊಮಾಬಾದಲ್ಲಿ 1936ರಲ್ಲಿ ಯನಾಗಿ ಸೊಎತ್ಸು ತೆರೆದ ಜಾನಪದ ಕಲೆಗಳ ಸಂಗ್ರಹಾಲಯಕ್ಕೆ ಹೋಗಿ. ಕೊಳ್ಳುವುದಾದರೆ ಎದೆಭಾಗದ ಒಂದು ತುಂಡು ಸಾಕು. ಬಿಳಿ ದಾರ ಮಾಸಿದಾಗ ಇಡೀ ಅಂಗಿಗೆ ಮತ್ತೆ ನೀಲಿ ಅದ್ದುವ ರೂಢಿಯಿತ್ತು, ಹೀಗೆ ನೀಲಿಯ ಮೇಲೆ ನೀಲಿಯಾದ ಕೊಗಿನ್ ಸಿಕ್ಕರೆ ಅದು ಕಡಿಮೆ ದರ್ಜೆಯದೆಂದು ಬಿಡಬೇಡಿ. ನಮ್ಮ ಕಣ್ಣಿಗೆ ಅದೇ ಹೆಚ್ಚು ಚೆಂದ.

ರೇಷ್ಮೆಯ ಯೊಸೆಗಿರೆ, ಹ್ಯಾಕುತೊಕು, ಕೆಸಾ

ತೇಪೆ ಬಡವರದು ಮಾತ್ರವಲ್ಲ. ಹದಿನಾರನೇ ಶತಮಾನದ ಸೇನಾನಿ ಉಎಸುಗಿ ಕೆನ್‌ಶಿನ್ ತೊಟ್ಟ ಜರಿ ಮತ್ತು ಬುಟ್ಟಾ ರೇಷ್ಮೆಯ ತುಂಡುಗಳ ಮೇಲಂಗಿ ಯೊನೆಜಾವಾದ ಉಎಸುಗಿ ದೇಗುಲದಲ್ಲಿ ಇಂದಿಗೂ ಇದೆ. ಕನಜಾವಾ ಕಡೆ ಮಗು ಬದುಕಿ ಉಳಿಯಲೆಂದು ಅಕ್ಕಪಕ್ಕದ ಮನೆಗಳಿಂದ ಚೂರು ಬೇಡಿ ತಂದು ‘ಹ್ಯಾಕುತೊಕು’ ಎಂಬ ನೂರು ತುಂಡಿನ ಅಂಗಿ ಹೊಲಿಯುತ್ತಿದ್ದರು. ಮಗು ಬೆಳೆದ ಮೇಲೆ ಅದನ್ನು ಶಿಂಜೊಜಿ ದೇವಾಲಯಕ್ಕೆ ಒಪ್ಪಿಸುತ್ತಿದ್ದರು. ಒಳ್ಳೆಯ ಹ್ಯಾಕುತೊಕು ಮಾರಾಟಕ್ಕೆ ಬರುವುದೇ ಅಪರೂಪ.

ಕೆಸಾ ಎಂದರೆ ನಮ್ಮ ‘ಕಾಷಾಯ’ವೇ, ಪದವೂ ವಸ್ತುವೂ. ಮಗಧದ ಗದ್ದೆಗಳ ಬದುಗಳನ್ನು ತೋರಿಸಿ ಇದೇ ಮಾದರಿಯಲ್ಲಿ ಹೊಲಿಯಿರಿ ಎಂದು ಬುದ್ಧ ಆನಂದನಿಗೆ ಹೇಳಿದನೆಂಬುದು ವಿನಯಪಿಟಕದ, ಅಂದರೆ ಭಿಕ್ಷು ನಿಯಮಗಳ ಗ್ರಂಥದ, ಪರಂಪರೆ. ಜಪಾನಿಗೆ ಹೋಗುವ ಹೊತ್ತಿಗೆ ಚಿಂದಿಯ ಬದಲು ಭಕ್ತರು ಕೊಟ್ಟ ಜರಿ ರೇಷ್ಮೆಯನ್ನು ಕತ್ತರಿಸಿ ಮತ್ತೆ ಜೋಡಿಸುವುದಾಯಿತು. ಐದು, ಏಳು, ಒಂಬತ್ತು, ಹೀಗೆ 25ರವರೆಗೆ ಬೆಸ ಸಂಖ್ಯೆಯ ಉದ್ದಸಾಲು, ನಾಲ್ಕು ಮೂಲೆಗೆ ನಾಲ್ಕು ಚೌಕ. ಕೆಸಾ ಗೋಡೆಗೆ ಚೆನ್ನ, ಮೈಮೇಲೆ ಹಾಕಿಕೊಂಡು ಫೋಟೋ ತೆಗೆಸಿಕೊಳ್ಳಲು ಅಲ್ಲ.

ನಿಜವಾಗಿ ಕೊಳ್ಳಸಿಗುವುದು ಕಿಮೊನೊದ ಒಳಗೆ ತೊಡುವ ತುಂಡುಜೋಡಣೆಯ ಜುಬಾನ್. ಹೊರಗೆ ಕಾಣುವ ತೋಳು ಮತ್ತು ಕೆಳಭಾಗಕ್ಕೆ ಒಳ್ಳೆಯ ರೇಷ್ಮೆ, ಕಾಣದ ಮೈಗೆ ಅಗ್ಗದ ಬಟ್ಟೆ. ಇಲ್ಲಿ ಕೈಕೊಡುವುದು ಮೂರು. ಒಂದು, ತೂಕ ಬರಲೆಂದು ಲೋಹದ ಲವಣ ಸೇರಿಸಿದ ರೇಷ್ಮೆ. ಮಡಿಕೆಯಲ್ಲಿ ಸಾಲುಸಾಲಾಗಿ ಸೀಳುತ್ತದೆ, ಅದಕ್ಕೆ ಮದ್ದಿಲ್ಲ. ಎರಡು, ‘ಮೊಮಿ’ ಎಂಬ ಕೆಂಪು ಅಸ್ತರಿ. ಕುಸುಬೆ ಹೂವಿನ ಬಣ್ಣವಾದರೆ ಬೆಳಕಿಗೆ ಬಿಳಿಚುತ್ತದೆ, ಸೋಪಿಗೆ ಹರಿಯುತ್ತದೆ. ಮೂರು, ನಡುವೆ ಸೇರಿಸಿದ ತೆಳು ಉಣ್ಣೆ ಮಸ್ಲಿನ್. ನುಸಿ ಮೊದಲು ಅಲ್ಲಿಗೇ ಬರುತ್ತದೆ. ಯುದ್ಧದ ಹೊತ್ತಿನ ‘ಸುಫು’ ರೇಯಾನ್ ತುಂಡು ಸೇರಿದ್ದರೆ ಒಗೆಯಲೇಬೇಡಿ, ಒದ್ದೆಯಾದಾಗ ಅದು ಹಪ್ಪಳದಂತೆ ಹರಿಯುತ್ತದೆ.

ನಕಲಿ ಹಿಡಿಯುವುದು

ಇಂದಿನ ನಕಲಿಗಳಲ್ಲಿ ಬಟ್ಟೆ ಅಸಲಿ, ಹೊಲಿಗೆ ಹೊಸದು. ಹಳೆ ಹೊದಿಕೆಯ ತುಂಡುಗಳನ್ನು ಸಾದಾ ನೊರಾಗಿಗೆ ಹೊಲಿದು, ಮರಳುಕಾಗದದಿಂದ ಉಜ್ಜಿ, ಚಹಾದ ಡಿಕಾಕ್ಷನ್‌ನಲ್ಲಿ ಅದ್ದುತ್ತಾರೆ. ಮರಳುಕಾಗದ ಉಬ್ಬಿದ ಜಾಗವನ್ನೆಲ್ಲ ಒಂದೇ ಸಮ ಕೆರೆಯುತ್ತದೆ. ಮೈಯ ಸವೆತ ಹಾಗಲ್ಲ, ತೇಪೆಯ ಅಂಚು ದಾಟಿ ಹರಡುತ್ತದೆ. ಚಹಾದ ಕಂದು ಬಿಳಿ ದಾರಕ್ಕೂ ತೇಪೆಯ ಕೆಳಗಿನ ಬಟ್ಟೆಗೂ ಸಮನಾಗಿ ಕೂತಿರುತ್ತದೆ. ಹತ್ತು ತೇಪೆಗೂ ಒಂದೇ ದಾರ, ಒಂದೇ ಅಳತೆಯ ಹೊಲಿಗೆ ಇದ್ದರೆ ಒಬ್ಬರೇ ಒಂದೇ ವಾರದಲ್ಲಿ ಕೂತು ಹೊಲಿದದ್ದು ಎಂದೇ ತಿಳಿಯಿರಿ.

ಕತ್ತಲೆ ಕೋಣೆಯಲ್ಲಿ ಯುವಿ ಟಾರ್ಚು ಹಿಡಿಯಿರಿ. ದಾರ ಮಾತ್ರ ತಿಳಿನೀಲಿಯಾಗಿ ಹೊಳೆದು ಬಟ್ಟೆ ಮಂಕಾಗಿದ್ದರೆ ದಾರ ಈಚಿನದು. ಹೊಳಪು ಕೊಡುವ ರಾಸಾಯನಿಕ ಹಾಕಿದ ದಾರ ಎರಡನೇ ಮಹಾಯುದ್ಧದ ನಂತರದ್ದು. ಇಡೀ ಅಂಗಿ ಹೊಳೆದರೆ ಯಾರೋ ಡಿಟರ್ಜೆಂಟ್‌ನಲ್ಲಿ ಒಗೆದಿದ್ದಾರೆ, ಅದರಿಂದ ಏನೂ ಸಾಬೀತಾಗುವುದಿಲ್ಲ. ಒಳಗಿನಿಂದ ಅರ್ಧ ಸೆಂ.ಮೀ. ದಾರ ಕಿತ್ತು ಚಿಮುಟದಲ್ಲಿ ಹಿಡಿದು ಸುಟ್ಟರೆ ಹತ್ತಿ, ಹೆಂಪ್ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತವೆ. ರೇಷ್ಮೆ ಕೂದಲಿನ ವಾಸನೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ನೀಲಿ ಬಣ್ಣ ಸಹಜವೋ ಕೃತಕವೋ ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಬೇಡಿ. ಎರಡರಲ್ಲೂ ಇರುವ ಬಣ್ಣದ ಅಣು ಒಂದೇ, ಬರಿಗಣ್ಣಿಗೆ ವ್ಯತ್ಯಾಸ ಸಿಗದು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಅಳತೆಪಟ್ಟಿ. ಕಿಮೊನೊ ಬಟ್ಟೆಯ ಅಗಲ 33ರಿಂದ 36 ಸೆಂ.ಮೀ. ಆಸುಪಾಸು. ಆದ್ದರಿಂದ ಬೆನ್ನ ನಡುವೆ ಮೇಲಿನಿಂದ ಕೆಳಗೆ ಒಂದು ಜೋಡುಹೊಲಿಗೆ ಇರಲೇಬೇಕು, ತೋಳು ಇನ್ನೊಂದು ಪಟ್ಟಿ. ಎರಡು ಪಟ್ಟಿಯಿಂದ ಹೊಲಿಗೆಯ ಮಡಿಕೆ ಕಳೆದರೆ ಬೆನ್ನ ನಡುವಿನಿಂದ ತೋಳತುದಿಗೆ ಹೆಚ್ಚೆಂದರೆ 65–68 ಸೆಂ.ಮೀ. ದಕ್ಕುತ್ತದೆ, ಹಳೆಯವು ಸಾಮಾನ್ಯವಾಗಿ 60ರ ಸುತ್ತ. ಬೆನ್ನಿಗೆ ಹೊಲಿಗೆಯೇ ಇಲ್ಲದ ‘ಶತಮಾನ ಹಳೆಯ’ ಅಗಲ ಅಂಗಿ ಕಂಡರೆ ಅದು ಈಚಿನ ಅಗಲಪನ್ನದ ಬಟ್ಟೆ. ಇದೇ ಲೆಕ್ಕ ತೊಡುವವರಿಗೂ ಬೇಕು. ನಿಮ್ಮ ಕತ್ತಿನ ಹಿಂದಿನ ಮೂಳೆಯಿಂದ ಮಣಿಕಟ್ಟಿಗೆ 80 ಸೆಂ.ಮೀ. ಇದ್ದರೆ ತೋಳು ಮೊಣಕೈ ದಾಟಿ ಸ್ವಲ್ಪ ಕೆಳಕ್ಕೆ ನಿಲ್ಲುತ್ತದೆ. ಬಿಗಿ ತೋಳಿನ ನೊರಾಗಿಯಲ್ಲಿ ಮೇಲ್ತೋಳಿನ ಸುತ್ತಳತೆಯನ್ನೂ ಕೇಳಿ; ಹರಿಯುವುದು ಯಾವಾಗಲೂ ಕಂಕುಳಲ್ಲಿ, ತೊಡುವಾಗಲ್ಲ, ಬಿಚ್ಚುವಾಗ.

ಹಳೆ ಬಟ್ಟೆಯಿಂದ ಹೊಸದಾಗಿ ಹೊಲಿದ ‘ರಿಮೇಕ್’ ಅಂಗಿಗಳು, ಕೊಜಿಮಾದ ಕ್ಯಾಪಿಟಲ್‌ನಂಥ ಕಂಪನಿಗಳ ಬೊರೊ ಶೈಲಿಯ ಉಡುಪು, ಇವು ಹಾಗೆಂದೇ ಹೇಳಿ ಮಾರಿದರೆ ನಕಲಿಯಲ್ಲ. ದಿನಾ ತೊಡುವ, ಬಸ್ಸಿನಲ್ಲಿ ಓಡಾಡುವ ಮಂದಿಗೆ ಅದೇ ಸರಿಯಾದ ಆಯ್ಕೆ.

ಎಲ್ಲಿ ಕೊಳ್ಳುವುದು, ತರುವುದು ಹೇಗೆ

ಟೋಕಿಯೊದ ಸೆತಗಾಯಾ ಬೊರೊಇಚಿ ಸಂತೆ ಡಿಸೆಂಬರ್ 15–16, ಜನವರಿ 15–16ರಂದು ಸೇರುತ್ತದೆ. 1578ರಿಂದ ನಡೆದು ಬಂದ ಸಂತೆ; ಮೇಜಿ ಕಾಲದಲ್ಲಿ ತೇಪೆಗೆ ಬೇಕಾದ ಚಿಂದಿ ಮಾರುತ್ತಿದ್ದುದರಿಂದ ಈ ಹೆಸರು. ಈಗ ಅಲ್ಲಿ ಎಲ್ಲ ಬಗೆಯ ಹಳೆ ಸಾಮಾನೂ ಇರುತ್ತದೆ. ಕ್ಯೋಟೊದಲ್ಲಿ ಪ್ರತಿ ತಿಂಗಳ 21ರಂದು ತೋಜಿ, 25ರಂದು ಕಿತಾನೊ ತೆನ್ಮಂಗು ದೇಗುಲಗಳ ಸಂತೆ. ಬೆಳಗಿನ ಬೆಳಕಿನಲ್ಲೇ ಹೋಗಿ. ಹಗಲಿನಲ್ಲಿ ಬಟ್ಟೆ ಎತ್ತಿ ಹಿಡಿದರೆ ಕಾಣುವ ತೂತು ಅಂಗಡಿಯ ದೀಪದಲ್ಲಿ ಕಾಣುವುದಿಲ್ಲ.

ಭಾರತಕ್ಕೆ ಕೊರಿಯರ್ ಮಾಡಿಸುವ ಮುನ್ನ ಒಂದು ಮಾತು. ಧರಿಸಿದ ಹಳೆ ಬಟ್ಟೆ (ಸುಂಕಪಟ್ಟಿಯ 6309ನೇ ಶೀರ್ಷಿಕೆ) ನಮ್ಮ ಆಮದು ನೀತಿಯಲ್ಲಿ ನಿರ್ಬಂಧಿತ ವರ್ಗದಲ್ಲಿದೆ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಳ್ಳಬಹುದು, ಮೊದಲೇ ಏಜೆಂಟರನ್ನು ಕೇಳಿ. ಪ್ರವಾಸ ಹೋದವರು ತಮ್ಮ ಸಾಮಾನಿನ ಜೊತೆ ರಸೀದಿ ಇಟ್ಟುಕೊಂಡು ತರುವುದು ಸರಳ.

ಮನೆಗೆ ಬಂದ ಮೇಲೆ

ಬಂದ ದಿನವೇ ಬೀರುವಿಗೆ ಸೇರಿಸಬೇಡಿ. ಮಲ್ ಬಟ್ಟೆಯಲ್ಲಿ ಸುತ್ತಿ, ದಪ್ಪ ಪಾಲಿಥೀನ್ ಚೀಲದಲ್ಲಿಟ್ಟು, ಗಾಳಿ ಒತ್ತಿ ತೆಗೆದು, ಬಾಯಿ ಮುಚ್ಚಿ ಮೈನಸ್ 18 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಎರಡು ವಾರ ಇಡಿ. ಫ್ರಿಜ್ಜಿನ ಮೇಲಿನ ಐಸ್ ಪೆಟ್ಟಿಗೆ ಅಷ್ಟು ತಣ್ಣಗಾಗದಿದ್ದರೆ ಪ್ರಯೋಜನವಿಲ್ಲ. ಹೊರತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬಾರದು. ತಣ್ಣಗಿನ ಬಟ್ಟೆಗೆ ನಮ್ಮ ಗಾಳಿ ತಾಗಿದರೆ ನೀರು ಕೂರುತ್ತದೆ, ನೀರು ಕೂತಲ್ಲಿ ಬೂಸ್ಟು. ಬೂಸ್ಟಿಗೆ ಫ್ರೀಜರ್ ಮದ್ದಲ್ಲ, ಅದು ಹುಳಕ್ಕೆ ಮಾತ್ರ.

ಒಗೆಯಲೇಬೇಕೆಂದಿಲ್ಲ. ಮೊದಲು ನೈಲಾನ್ ಜಾಲರಿ ಹಾಸಿ ಅದರ ಮೇಲಿನಿಂದ ವ್ಯಾಕ್ಯೂಮ್ ಮಾಡಿ ನೋಡಿ. ಅರ್ಧ ವಾಸನೆ ಧೂಳಿನದೇ. ಒಗೆಯುವುದಾದರೆ ಹತ್ತಿ, ಹೆಂಪ್‌ನ ಬೊರೊ, ಸಾಕಿಯೊರಿ ಮಾತ್ರ. ಪ್ರತಿ ಬಣ್ಣದ ಮೇಲೂ ಒದ್ದೆ ಬಿಳಿ ಹತ್ತಿಯನ್ನು ಒಂದು ನಿಮಿಷ ಒತ್ತಿಡಿ. ನೀಲಿ ಸ್ವಲ್ಪ ಹತ್ತಿಕೊಳ್ಳುವುದು ಸಹಜ. ಕೆಂಪು ಅಥವಾ ನೇರಳೆ ಹತ್ತಿದರೆ ಅಲ್ಲಿಗೆ ನಿಲ್ಲಿಸಿ. ಕಪ್ಪು-ಕಂದು ತೇಪೆ ಮುಟ್ಟಿದರೆ ಪುಡಿಯಾಗುತ್ತಿದ್ದರೂ ನಿಲ್ಲಿಸಿ. ಅದು ಕಬ್ಬಿಣ ಸೇರಿಸಿ ಹಾಕಿದ ಬಣ್ಣ, ಎಳೆಯನ್ನು ಒಳಗಿಂದಲೇ ತಿಂದಿರುತ್ತದೆ.

ಸರಿಯೆನಿಸಿದರೆ ಅಗಲ ಟಬ್ಬಿನಲ್ಲಿ 10–15 ಲೀಟರ್ ತಣ್ಣೀರು, ಲೀಟರಿಗೆ 1–2 ಮಿ.ಲೀ. ಕ್ಷಾರವಲ್ಲದ, ತಟಸ್ಥ ದ್ರವ ಸೋಪು. ಜಾಲರಿಯ ಮೇಲೆ ಅಂಗಿ ಹರಡಿ ಜಾಲರಿ ಸಮೇತ ಇಳಿಸಿ, ಅರ್ಧ ಗಂಟೆ ಬಿಡಿ, ಅಂಗೈಯಿಂದ ಮೇಲಿನಿಂದ ಒತ್ತಿ; ಉಜ್ಜುವುದು, ಹಿಂಡುವುದು ಇಲ್ಲ. ನೀರು ತಿಳಿಯಾಗುವವರೆಗೆ ಬದಲಿಸಿ. ಬೋರ್‌ವೆಲ್ ನೀರಿನ ಸುಣ್ಣ, ಕಬ್ಬಿಣದ ಅಂಶ ಬಟ್ಟೆಯಲ್ಲಿ ಕೂರುವುದರಿಂದ ಕೊನೆಯ ಎರಡು ನೀರು ಆರ್‌ಒ ಅಥವಾ ಮಳೆನೀರು. ಎತ್ತುವಾಗಲೂ ಜಾಲರಿಯನ್ನೇ ಹಿಡಿದೆತ್ತಿ; ಒದ್ದೆ ಅಂಗಿಯನ್ನು ಹೆಗಲಲ್ಲಿ ಹಿಡಿದೆತ್ತಿದರೆ ತನ್ನ ಭಾರಕ್ಕೇ ಹರಿಯುತ್ತದೆ. ಟವಲಿನ ಮೇಲೆ ಹರಡಿ ನೆರಳಲ್ಲಿ, ಫ್ಯಾನಿನ ಕೆಳಗೆ ಒಣಗಿಸಿ. ಸಾಕಿಯೊರಿ ಒಣಗಲು ಎರಡು-ಮೂರು ದಿನ ಹಿಡಿಯುತ್ತದೆ, ಮಳೆಗಾಲದಲ್ಲಿ ಕೈಹಾಕಬೇಡಿ.

ಇಡುವಾಗ ಡಾಂಬರು ಗುಳಿಗೆ ಬೇಡ. ಅದರ ಜೊತೆಗೆ ಕರ್ಪೂರವಂತೂ ಬೇಡವೇ ಬೇಡ, ಎರಡೂ ಸೇರಿ ಕರಗಿ ಎಣ್ಣೆಕಲೆಯಾಗುತ್ತದೆ. ಬೇವಿನೆಲೆ ಇಡುವವರು ಪೂರ್ತಿ ಒಣಗಿಸಿ ಬಟ್ಟೆಯಲ್ಲಿ ಕಟ್ಟಿ ಮೂಲೆಯಲ್ಲಿಡಿ, ಬಟ್ಟೆಗೆ ತಾಗಿದರೆ ಕಂದು ಗುರುತು. ಅಂಗಿಯ ಮಡಿಕೆಯೊಳಗೆ ಹಳೆಯ ಮಲ್ ಪಂಚೆಯನ್ನು ಸುರುಳಿ ಮಾಡಿ ತೂರಿಸಿ. ಚೂಪಾದ ಮಡಿಕೆ ಬೀಳದಿದ್ದರೆ ಅಲ್ಲಿ ಸೀಳುವುದಿಲ್ಲ. ಆರು ತಿಂಗಳಿಗೊಮ್ಮೆ ಬೇರೆ ಗೆರೆಯಲ್ಲಿ ಮಡಚಿ. ಜಪಾನಿನಲ್ಲಿ ‘ಮುಶಿಬೊಶಿ’ ಎಂದು ಒಣಗಾಳಿಯ ದಿನ ನೋಡಿ ಬಟ್ಟೆಗಳನ್ನು ನೆರಳಲ್ಲಿ ಗಾಳಿಗೆ ಹರವುವ ಪದ್ಧತಿಯಿದೆ. ಕರಾವಳಿ, ಮಲೆನಾಡಿನಲ್ಲಿ ಅದಕ್ಕೆ ಜನವರಿ–ಫೆಬ್ರವರಿ ಸರಿ: ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ, ಸಂಜೆಯ ತೇವ ಇಳಿಯುವ ಮೊದಲೇ ಒಳಗೆ.